ಎಚ್‌ಟಿ31 ಹಾಕಿದರೂ ಪಿಕೆಎ ಬ್ಲಾಟ್ ಬದಲಾಗುತ್ತಿಲ್ಲ: ಏಕ್ಯಾಪ್ ಪಾತ್ರ ತೋರಿಸುವುದು ಹೇಗೆ?

ಗಂಗೋತ್ರಿ_ಬಯೋಕೆಮ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ಏಕ್ಯಾಪ್‌ಗಳನ್ನು ಆರಿಸಿಕೊಂಡಿದ್ದೇನೆ. ಪ್ರೋಟೀನ್ ಕೈನೇಸ್ ಎ, ಅಂದರೆ ಪಿಕೆಎಯನ್ನು ಕೋಶದೊಳಗೆ ಒಂದು ಗೊತ್ತಾದ ಜಾಗಕ್ಕೆ ಕಟ್ಟಿಹಾಕುವ ಲಂಗರು ಪ್ರೋಟೀನ್‌ಗಳಿವು. ಆ ಕಟ್ಟು ಬಿಚ್ಚಿದರೆ ಫಾಸ್ಫೊರಿಲೇಷನ್, ಅಂದರೆ ಕೈನೇಸ್ ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಹಾಕುವುದು, ಏನಾಗುತ್ತದೆ ಎಂದು ನೋಡುವುದು ಉದ್ದೇಶ.

ಮಾಡಿದ್ದು ಹೀಗೆ: ಎಚ್‌ಇಕೆ293 ಕೋಶಗಳು, 6 ವೆಲ್ ಪ್ಲೇಟ್, ಶೇ 10 ಸೀರಂ ಇರುವ ಮೀಡಿಯಂ. ಅದಕ್ಕೇ ಪಿಕೆಎಯನ್ನು ಲಂಗರಿನಿಂದ ಬಿಡಿಸುವ, ಸ್ಟಿಯರೇಟ್ ಜೋಡಿಸಿದ ಎಚ್‌ಟಿ31 ಪೆಪ್ಟೈಡ್ 10 ಮೈಕ್ರೋಮೋಲಾರ್ ಹಾಕಿ 30 ನಿಮಿಷ ಬಿಟ್ಟೆ. ಆಮೇಲೆ ಪಿಕೆಎಯನ್ನು ಎಬ್ಬಿಸಲು ಫೋರ್ಸ್ಕೊಲಿನ್ 50 ಮೈಕ್ರೋಮೋಲಾರ್, ಐಬಿಎಂಎಕ್ಸ್ 500 ಮೈಕ್ರೋಮೋಲಾರ್ ಸೇರಿಸಿ ಮತ್ತೆ 30 ನಿಮಿಷ. ಪಿಕೆಎ ಸಬ್‌ಸ್ಟ್ರೇಟ್‌ಗಳನ್ನೆಲ್ಲ (ಅದು ಫಾಸ್ಫೇಟ್ ಹಾಕುವ ಪ್ರೋಟೀನ್‌ಗಳನ್ನೆಲ್ಲ) ಒಟ್ಟಿಗೆ ಗುರುತಿಸುವ ಫಾಸ್ಫೊ ಆಂಟಿಬಾಡಿಯಿಂದ ವೆಸ್ಟರ್ನ್ ಮಾಡಿದರೆ ಪೆಪ್ಟೈಡ್ ಇರುವ ಲೇನ್, ಇಲ್ಲದ ಲೇನ್ ಎರಡೂ ಮೇಲಿಂದ ಕೆಳಗಿನವರೆಗೆ ಒಂದೇ ಥರ ಕಪ್ಪು.

ಹಾಗಾದರೆ ಈ ಕೋಶಗಳಲ್ಲಿ ಲಂಗರಿಗೆ ಕೆಲಸವೇ ಇಲ್ಲವೇ? ಇನ್ನೊಂದು, ಪಿಕೆಎಯನ್ನು ಎಬ್ಬಿಸುವ ಸೈಕ್ಲಿಕ್ ಎಎಂಪಿ ಪುಟ್ಟ ಅಣು, ಕೋಶದಲ್ಲೆಲ್ಲ ಹರಡಿಬಿಡುತ್ತದೆ. ಅದು ಎಲ್ಲೆಡೆ ತಲುಪುವುದಾದರೆ ಕೈನೇಸ್ ಎಲ್ಲಿ ಕುಳಿತಿದ್ದರೇನು? ಇದನ್ನು ಜೀವಂತ ಕೋಶದಲ್ಲೇ ನೋಡುವ ಫ್ರೆಟ್ ಮೈಕ್ರೋಸ್ಕೋಪ್ ನಮ್ಮಲ್ಲಿ ಇಲ್ಲ. ಪೆಪ್ಟೈಡ್ ಇನ್ನು 1 ಮಿಲಿಗ್ರಾಂ ಉಳಿದಿದೆ. ಅಷ್ಟರಲ್ಲಿ ಏನು ಮಾಡಬಹುದು?

ಸಕ್ಕರೆನಾಡು ಉತ್ತರ:

ಲಂಗರಿಗೆ ಕೆಲಸವಿಲ್ಲ ಎನ್ನಲು ಈ ಬ್ಲಾಟ್ ಸಾಲದು. ನೀವು ಕೊಟ್ಟ ಡೋಸ್‌ನಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಫೋರ್ಸ್ಕೊಲಿನ್ ಯಾವ ರಿಸೆಪ್ಟರನ್ನೂ ಹಾಯದೆ ಸೈಕ್ಲಿಕ್ ಎಎಂಪಿ ತಯಾರಿಸುವ ಅಡೆನೈಲೈಲ್ ಸೈಕ್ಲೇಸನ್ನು ನೇರವಾಗಿ ಎಬ್ಬಿಸುತ್ತದೆ, ಪೊರೆಯ ಉದ್ದಗಲಕ್ಕೂ. ಐಬಿಎಂಎಕ್ಸ್ ಪಿಡಿಇ8, ಪಿಡಿಇ9 ಬಿಟ್ಟು ಉಳಿದ ಫಾಸ್ಫೊಡೈಎಸ್ಟರೇಸ್‌ಗಳನ್ನು (ಪಿಡಿಇ, ಸೈಕ್ಲಿಕ್ ಎಎಂಪಿ ಒಡೆಯುವ ಕಿಣ್ವಗಳನ್ನು) ತಡೆಯುತ್ತದೆ. ಹುಟ್ಟುವುದು ವಿಪರೀತ, ಒಡೆಯುವುದು ಹೆಚ್ಚುಕಡಿಮೆ ಇಲ್ಲ. ಕೋಶದ ಮೂಲೆಮೂಲೆಯಲ್ಲಿರುವ ಪಿಕೆಎ ಪೂರ್ತಿ ಎದ್ದು ಕೂರುತ್ತದೆ. ವಿಶ್ವೇಶ್ವರಯ್ಯ ನಾಲೆ ಒಡೆದು ಮಂಡ್ಯದ ಬಯಲೆಲ್ಲ ಮುಳುಗಿರುವಾಗ ಯಾವ ತೂಬು ಯಾರ ಗದ್ದೆಗೆ ಎಂದು ಕೇಳಿದರೆ ಉತ್ತರ ಸಿಗದು. ಅಳತೆಯಲ್ಲಿ ನೀರು ಬಿಟ್ಟಾಗಲೇ ತೂಬಿನ ಲೆಕ್ಕ ಗೊತ್ತಾಗುವುದು. ಫೋರ್ಸ್ಕೊಲಿನ್, ಐಬಿಎಂಎಕ್ಸ್ ಜೋಡಿಯನ್ನು ಒಂದೇ ಒಂದು ಲೇನ್‌ನಲ್ಲಿ ಗರಿಷ್ಠ ಎಷ್ಟು ಎಂದು ತಿಳಿಯಲು ಇಟ್ಟುಕೊಳ್ಳಿ. ಪ್ರಯೋಗವನ್ನು ಅದರ ಮೇಲೆ ಕಟ್ಟಬೇಡಿ.

ಇನ್ನೊಂದು ವಿಷಯ ಹಲವರಿಗೆ ಕೈತಪ್ಪುತ್ತದೆ. ಎಚ್‌ಟಿ31 ಕೈನೇಸನ್ನು ತಡೆಯುವ ಪೆಪ್ಟೈಡ್ ಅಲ್ಲವೇ ಅಲ್ಲ. ಕೋಶದಲ್ಲಿರುವ ಒಟ್ಟು ಪಿಕೆಎ ಅಷ್ಟೇ ಇರುತ್ತದೆ, ಅದರ ಚಟುವಟಿಕೆಯೂ ಇರುತ್ತದೆ, ಜಾಗ ಮಾತ್ರ ತಪ್ಪುತ್ತದೆ. ಲಂಗರಿನ ಪಕ್ಕದಲ್ಲಿದ್ದ ಸಬ್‌ಸ್ಟ್ರೇಟ್‌ನ ಫಾಸ್ಫೇಟ್ ಇಳಿಯುತ್ತದೆ, ಬೇರೆ ಯಾವುದೋ ಒಂದರದ್ದು ಏರಲೂಬಹುದು. ನೂರಾರು ಪ್ರೋಟೀನ್‌ಗಳನ್ನು ಒಟ್ಟಿಗೆ ತೋರಿಸುವ ಆಂಟಿಬಾಡಿ ಹಾಕಿ ಇಡೀ ಲೇನ್ ನೋಡಿದರೆ ಏರಿದ್ದು ಇಳಿದದ್ದು ಎಲ್ಲ ಕಲಸಿಹೋಗುತ್ತವೆ. ಒಂದು ಜಾಗ, ಆ ಜಾಗದ ಒಂದು ಸಬ್‌ಸ್ಟ್ರೇಟ್, ಅದರ ಒಂದು ಗೊತ್ತಾದ ಸೆರಿನ್, ಇಷ್ಟನ್ನು ಮೊದಲು ನಿಶ್ಚಯ ಮಾಡಿಕೊಳ್ಳಿ.

ಪೊರೆಯಂಚು ಉತ್ತರ:

ಸೈಕ್ಲಿಕ್ ಎಎಂಪಿ ಹರಡುವ ಪ್ರಶ್ನೆ ಈ ಕ್ಷೇತ್ರದ ಬೇರು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನೀರಿನಲ್ಲಿ ಸೈಕ್ಲಿಕ್ ಎಎಂಪಿಯ ವಿಸರಣ ಗುಣಾಂಕ ಸೆಕೆಂಡಿಗೆ ಸುಮಾರು 400 ಚದರ ಮೈಕ್ರೋಮೀಟರ್. ಆ ಲೆಕ್ಕದಲ್ಲಿ 10 ಮೈಕ್ರೋಮೀಟರ್ ದಾಟಲು ಸೆಕೆಂಡಿನ ಸುಮಾರು ಹತ್ತನೇ ಒಂದು ಭಾಗ ಸಾಕು. ನಿಮ್ಮ ಅನುಮಾನ ಅಲ್ಲಿಗೆ ಸರಿ. ಆದರೆ ಹೃದಯ ಸ್ನಾಯುವಿನ ಮೇಲೆ 1980ರ ಆಸುಪಾಸಿನಲ್ಲಿ ನಡೆದ ಪ್ರಯೋಗಗಳು ಬೇರೆಯದನ್ನೇ ತೋರಿಸಿದವು. ಅಡ್ರಿನಾಲಿನ್‌ನಂತೆ ಬೀಟಾ ರಿಸೆಪ್ಟರ್ ಎಬ್ಬಿಸುವ ಐಸೊಪ್ರೊಟೆರಿನಾಲ್, ಪ್ರೊಸ್ಟಗ್ಲಾಂಡಿನ್ ಇ1 ಎರಡೂ ಸೈಕ್ಲಿಕ್ ಎಎಂಪಿಯನ್ನು ಏರಿಸುತ್ತವೆ. ಸಂಕೋಚನದ ಬಲ ಹೆಚ್ಚಿಸುವುದು ಮಾತ್ರ ಮೊದಲನೆಯದು. ಕೋಶ ಒಡೆದು ಸೆಂಟ್ರಿಫ್ಯೂಜ್ ಮಾಡಿದರೆ, ಐಸೊಪ್ರೊಟೆರಿನಾಲ್ ಕೊಟ್ಟಾಗ ತಳಕ್ಕೆ ಕೂರುವ ಪೊರೆಗಳ ಭಾಗದ ಪಿಕೆಎಯೂ ಎದ್ದಿರುತ್ತದೆ. ಪ್ರೊಸ್ಟಗ್ಲಾಂಡಿನ್ ಕೊಟ್ಟಾಗ ಮೇಲಿನ ತಿಳಿಯಲ್ಲಿರುವುದು ಮಾತ್ರ. ಒಟ್ಟು ಎಷ್ಟು ಹುಟ್ಟಿತು ಎಂಬ ಅಂಕಿಯಿಂದ ಕೋಶ ಏನು ಮಾಡುತ್ತದೆ ಎಂದು ಹೇಳಲಾಗದು ಎಂಬುದು ಆಗಲೇ ಗೊತ್ತಾಗಿತ್ತು.

ಕೋಶದೊಳಗೆ ಅದು ಅಷ್ಟು ಸಲೀಸಾಗಿ ಹರಡದಿರಲು ಎರಡು ಕಾರಣ. ಒಂದು, ಹುಟ್ಟಿದ ಅಣುಗಳಲ್ಲಿ ಹೆಚ್ಚಿನವು ಪಿಕೆಎಯ ಆರ್ ಉಪಘಟಕಗಳಿಗೆ ಅಂಟಿಕೊಂಡು ಕೂರುತ್ತವೆ. ಒಂದು ಹೋಲೊಎನ್‌ಜೈಮ್‌ನಲ್ಲಿ, ಅಂದರೆ ಪೂರ್ತಿ ಜೋಡಣೆಯ ಪಿಕೆಎಯಲ್ಲಿ, ಹಿಡಿದು ತಡೆಯುವ ಆರ್ ಎರಡು, ಫಾಸ್ಫೇಟ್ ಹಾಕುವ ಸಿ ಎರಡು. ಒಂದೊಂದು ಆರ್‌ಗೆ ಎರಡರಂತೆ ಒಟ್ಟು ನಾಲ್ಕು ಸೈಕ್ಲಿಕ್ ಎಎಂಪಿ. ಆರ್‌ನಲ್ಲಿ ಆರ್‌1, ಆರ್‌2 ಎಂದು ಎರಡು ಬಗೆ; ಆರ್‌1-ಆಲ್ಫಾ ಉಪಘಟಕ ಕೋಶರಸದಲ್ಲಿ ಹನಿಹನಿಯಾಗಿ ಬೇರ್ಪಟ್ಟು ಸೈಕ್ಲಿಕ್ ಎಎಂಪಿಯನ್ನು ತನ್ನೊಳಗೆ ಹಿಡಿದಿಡುತ್ತದೆ ಎಂದು 2020ರಲ್ಲಿ ತೋರಿಸಲಾಯಿತು. ಎರಡು, ಫಾಸ್ಫೊಡೈಎಸ್ಟರೇಸ್‌ಗಳು. ಇವೂ ಗೊತ್ತಾದ ಜಾಗಗಳಲ್ಲೇ ಕುಳಿತು ಪಕ್ಕಕ್ಕೆ ಬಂದದ್ದನ್ನು ಒಡೆಯುತ್ತವೆ. ಮುಕ್ತ ಅಣುಗಳು ಕಡಿಮೆ ಇರುವಾಗ ಅವುಗಳ ಸುತ್ತ ಹತ್ತಾರು ನ್ಯಾನೊಮೀಟರ್ ಅಗಲದ ತಗ್ಗು ನಿಲ್ಲುತ್ತದೆ. ನಿಮ್ಮ ಐಬಿಎಂಎಕ್ಸ್ ಅಳಿಸಿಹಾಕಿದ್ದು ಇದನ್ನೇ.

ಇನ್ನು ಲಂಗರಿನ ರಚನೆ. ಎರಡು ಆರ್ ಉಪಘಟಕಗಳ ಆರಂಭದ ಸುಮಾರು 45 ಅಮೈನೋ ಆಮ್ಲಗಳು ಹೆಣೆದುಕೊಂಡು ನಾಲ್ಕು ಹೀಲಿಕ್ಸ್‌ಗಳ ಕಟ್ಟಾಗುತ್ತವೆ. ಅದರ ಒಂದು ಮುಖದಲ್ಲಿ ಎಣ್ಣೆಜಿಡ್ಡಿನ ಸ್ವಭಾವದ ತೋಡು ಇದೆ. ಏಕ್ಯಾಪ್‌ನಲ್ಲಿರುವ 14ರಿಂದ 18 ಅಮೈನೋ ಆಮ್ಲಗಳ ಹೀಲಿಕ್ಸ್‌ನ ಒಂದು ಬದಿ ನೀರೊಲ್ಲದ್ದು, ಆ ಬದಿ ತೋಡಿನಲ್ಲಿ ಕೂರುತ್ತದೆ. ಎಚ್‌ಟಿ31 ಪೆಪ್ಟೈಡ್ ಏಕ್ಯಾಪ್-ಎಲ್‌ಬಿಸಿ ಎಂಬ ಪ್ರೋಟೀನ್‌ನ ಅದೇ ಹೀಲಿಕ್ಸ್‌ನ ತುಣುಕು, 24 ಅಮೈನೋ ಆಮ್ಲ. ಆರ್‌2ಗೆ ಕೆಲವೇ ನ್ಯಾನೊಮೋಲಾರ್‌ನಲ್ಲಿ ಅಂಟುತ್ತದೆ. ಎರಡು ಐಸೊಲ್ಯೂಸಿನ್ ಜಾಗದಲ್ಲಿ ಪ್ರೊಲಿನ್ ಇಟ್ಟರೆ ಹೀಲಿಕ್ಸ್ ಮುರಿದು ಅಂಟುವ ಗುಣವೇ ಹೋಗುತ್ತದೆ. ನಿಮಗೆ ಬೇಕಾದ ಕಂಟ್ರೋಲ್ ಪೆಪ್ಟೈಡ್ ಅದೇ. ಎಚ್‌ಟಿ31 ಆರ್‌1, ಆರ್‌2 ಎರಡನ್ನೂ ಬಿಡಿಸುತ್ತದೆ. ಆರ್‌1 ಮಾತ್ರ ಬಿಡಿಸಬೇಕಾದರೆ ರಿಯಾಡ್, ಆರ್‌2 ಮಾತ್ರ ಬಿಡಿಸಬೇಕಾದರೆ ಸೂಪರ್ ಏಕ್ಯಾಪ್-ಐಎಸ್ ಎಂಬ ಪೆಪ್ಟೈಡ್‌ಗಳಿವೆ.

ಏಕ್ಯಾಪ್ ಪಿಕೆಎಯನ್ನು ಹಿಡಿದಿಡುತ್ತದೆ ಎನ್ನುವುದು ಅರ್ಧ ಮಾತು ಎಂದು ನನ್ನ ಅಭಿಪ್ರಾಯ. ಆ ಸಿಗ್ನಲ್ ಆರಿಸುವವರನ್ನೂ ಅದೇ ಪಕ್ಕದಲ್ಲಿ ಕೂರಿಸುತ್ತದೆ. ಹೃದಯ ಸ್ನಾಯುಕೋಶದ ಕೋಶಕೇಂದ್ರದ ಪೊರೆಯಲ್ಲಿರುವ ಎಂ-ಏಕ್ಯಾಪ್ ನೋಡಿ. ಪಿಕೆಎ ಜೊತೆಗೇ ಪಿಡಿಇ4ಡಿ3 ಅದರ ಮೇಲಿದೆ. ಸೈಕ್ಲಿಕ್ ಎಎಂಪಿ ಏರಿ ಪಿಕೆಎ ಎದ್ದರೆ ಅದು ಪಕ್ಕದ ಪಿಡಿಇಯ 54ನೇ ಸೆರಿನ್‌ಗೆ ಫಾಸ್ಫೇಟ್ ಹಾಕುತ್ತದೆ, ಪಿಡಿಇ ವೇಗ ಎರಡು ಮೂರು ಪಟ್ಟಾಗುತ್ತದೆ, ಸುತ್ತಲಿನ ಸೈಕ್ಲಿಕ್ ಎಎಂಪಿ ಇಳಿಯುತ್ತದೆ, ಪಿಕೆಎ ಮಲಗುತ್ತದೆ. ಅದೇ ಲಂಗರಿಗೆ ಸೇರಿಕೊಂಡ ಇಆರ್‌ಕೆ5 ಎಂಬ ಇನ್ನೊಂದು ಕೈನೇಸ್ ಎದ್ದಾಗ 579ನೇ ಸೆರಿನ್ ಮೂಲಕ ಅದೇ ಪಿಡಿಇಯನ್ನು ತಗ್ಗಿಸುತ್ತದೆ. ಏರಿಸುವ ಗುಂಡಿ, ಇಳಿಸುವ ಗುಂಡಿ ಎರಡೂ ಒಂದೇ ಪ್ರೋಟೀನ್ ಮೇಲೆ.

ನರಕೋಶದ ಏಕ್ಯಾಪ್79ರಲ್ಲಿ ಪಿಕೆಎ, ಪಿಕೆಸಿ ಎಂಬ ಇನ್ನೊಂದು ಕೈನೇಸ್, ಫಾಸ್ಫೇಟ್ ತೆಗೆಯುವ ಕ್ಯಾಲ್ಸಿನ್ಯೂರಿನ್ ಮೂರೂ ಇವೆ. ಸೈಕ್ಲಿಕ್ ಎಎಂಪಿ ಬಂದರೆ ಫಾಸ್ಫೇಟ್ ಹಾಕುವವನು, ಕ್ಯಾಲ್ಸಿಯಂ ಬಂದರೆ ತೆಗೆಯುವವನು, ಇಬ್ಬರೂ ಪೊರೆಯ ಅಯಾನ್ ಚಾನೆಲ್‌ಗೆ ಕೈಗೆಟಕುವ ದೂರದಲ್ಲಿ. ಇನ್ನು ಯೊಟಿಯಾವೊ ಎಂಬ ಏಕ್ಯಾಪ್: ಹೃದಯದ ಕೆಸಿಎನ್‌ಕ್ಯೂ1 ಪೊಟ್ಯಾಸಿಯಂ ಚಾನೆಲ್‌ಗೆ ಪಿಕೆಎ ಮತ್ತು ಪಿಪಿ1 ಫಾಸ್ಫಟೇಸನ್ನು ತಂದು ಜೋಡಿಸುತ್ತದೆ. ಚಾನೆಲ್‌ನ 27ನೇ ಸೆರಿನ್‌ಗೆ ಫಾಸ್ಫೇಟ್ ಬಿದ್ದರೆ ಹೊರಹರಿಯುವ ವಿದ್ಯುತ್ ಹೆಚ್ಚಿ, ಹೃದಯ ಬೇಗ ಬಡಿಯುವಾಗ ಪ್ರತಿ ಬಡಿತದ ವಿಶ್ರಾಂತಿಯೂ ಬೇಗ ಆಗುತ್ತದೆ. ಚಾನೆಲ್‌ನ ಜಿ589ಡಿ ಮ್ಯುಟೇಷನ್ ಈ ಜೋಡಣೆಯನ್ನೇ ತಪ್ಪಿಸುತ್ತದೆ; ಯೊಟಿಯಾವೊ ಕಡೆಯ ಎಸ್1570ಎಲ್ ಅದನ್ನು ಸಡಿಲಗೊಳಿಸುತ್ತದೆ. ಎರಡೂ ಹೃದಯದ ಲಯ ತಪ್ಪಿಸುವ ಲಾಂಗ್ ಕ್ಯೂಟಿ ರೋಗಕ್ಕೆ ಸಂಬಂಧಿಸಿದವು. ಕೈನೇಸ್ ಸರಿ ಇದೆ, ಸೈಕ್ಲಿಕ್ ಎಎಂಪಿಯೂ ಸರಿ ಇದೆ. ಕೆಟ್ಟಿರುವುದು ಇಬ್ಬರು ಪಕ್ಕಪಕ್ಕ ಇರಬೇಕಾದ ಏರ್ಪಾಡು.

ಬೆಂಚು_ಬಫರ್ ಉತ್ತರ:

ಕೈಕೆಲಸದ ಕಡೆಗೆ ಬರುತ್ತೇನೆ. ಈ ಪ್ರಯೋಗದಲ್ಲಿ ಮೊದಲು ಬದಲಾಗಬೇಕಾದದ್ದು ಸೀರಂ. ಸ್ಟಿಯರೇಟ್ ಅಂದರೆ ಕೊಬ್ಬಿನಾಮ್ಲ. ಸೀರಂನ ಆಲ್ಬುಮಿನ್ ಕೊಬ್ಬಿನಾಮ್ಲಗಳನ್ನು ಹೊರುವ ಪ್ರೋಟೀನ್. ನೀವು ಹಾಕಿದ 10 ಮೈಕ್ರೋಮೋಲಾರ್‌ನಲ್ಲಿ ಬಹುಪಾಲು ಕೋಶಕ್ಕೆ ಹೋಗದೆ ಆಲ್ಬುಮಿನ್ ಪಾಲಾಗಿರುತ್ತದೆ. ಸೀರಂ ಇಲ್ಲದ ಬೆಚ್ಚಗಿನ ಮೀಡಿಯಂನಲ್ಲಿ ಎರಡು ಸಲ ತೊಳೆದು, 4 ಗಂಟೆ ಸೀರಂ ಇಲ್ಲದೆ ಬಿಟ್ಟು, ಆಮೇಲೆ ಪೆಪ್ಟೈಡ್ ಹಾಕಿ. ಎಚ್‌ಇಕೆ ಕೋಶಗಳು ತೊಳೆಯುವಾಗ ಹಾಳೆಯಂತೆ ಎದ್ದುಬರುತ್ತವೆ, ಪ್ಲೇಟಿಗೆ ಮೊದಲೇ ಪಾಲಿಲೈಸಿನ್ ಲೇಪಿಸಿ.

ಪ್ರಮಾಣ: 10, 25, 50 ಮೈಕ್ರೋಮೋಲಾರ್ ಮೂರೂ ಒಮ್ಮೆ ನೋಡಿ, 30 ನಿಮಿಷ. 50 ದಾಟಬೇಡಿ. ಉದ್ದ ಕೊಬ್ಬಿನ ಬಾಲ ಇರುವ ಪೆಪ್ಟೈಡ್ ಹೆಚ್ಚಾದರೆ ಡಿಟರ್ಜೆಂಟ್‌ನಂತೆ ಪೊರೆಯನ್ನೇ ಸೋರಿಸುತ್ತದೆ, ಆಗ ಫಾಸ್ಫೊರಿಲೇಷನ್ ಇಳಿದದ್ದು ಲಂಗರು ಬಿಚ್ಚಿದ್ದಕ್ಕೋ ಕೋಶ ಸತ್ತದ್ದಕ್ಕೋ ಹೇಳಲು ಬರುವುದಿಲ್ಲ. ಪ್ರೊಲಿನ್ ಕಂಟ್ರೋಲ್ ಪೆಪ್ಟೈಡ್‌ನಲ್ಲೂ ಸ್ಟಿಯರೇಟ್ ಇರಬೇಕು, ಅದೇ ಡೋಸ್ ಇರಬೇಕು. ಮೇಲಿನ ಮೀಡಿಯಂನಲ್ಲಿ ಕೋಶದೊಳಗಿನ ಕಿಣ್ವವಾದ ಎಲ್‌ಡಿಎಚ್ ಅಳೆದರೆ ಸೋರಿಕೆ ಗೊತ್ತಾಗುತ್ತದೆ.

1 ಮಿಲಿಗ್ರಾಂ ಸಾಕೇ ಎಂದರೆ, ಸಾಕು, 6 ವೆಲ್ ಪ್ಲೇಟ್ ಬಿಟ್ಟರೆ. ಸ್ಟಿಯರೇಟ್ ಸೇರಿ ಅಣುತೂಕ ಸುಮಾರು 2,800. 1 ಮಿಲಿಲೀಟರ್‌ಗೆ 25 ಮೈಕ್ರೋಮೋಲಾರ್ ಅಂದರೆ ಒಂದು ವೆಲ್‌ಗೆ 70 ಮೈಕ್ರೋಗ್ರಾಂ, 14 ವೆಲ್‌ಗೆ ಮುಗಿದುಹೋಗುತ್ತದೆ. 24 ವೆಲ್ ಪ್ಲೇಟಿನಲ್ಲಿ 0.3 ಮಿಲಿಲೀಟರ್ ಸಾಕು, ವೆಲ್‌ಗೆ 21 ಮೈಕ್ರೋಗ್ರಾಂ, 45 ವೆಲ್ ದಾಟಿ ಬರುತ್ತದೆ. ಬಾಟಲಿಯ ತೂಕದಲ್ಲಿ ಲವಣವೂ ನೀರೂ ಸೇರಿರುತ್ತವೆ, ಜೊತೆಗೆ ಬಂದ ಸರ್ಟಿಫಿಕೇಟ್‌ನಲ್ಲಿ ನಿವ್ವಳ ಪೆಪ್ಟೈಡ್ ಶೇಕಡಾ ಎಷ್ಟೆಂದು ನೋಡಿ ಲೆಕ್ಕ ಹಾಕಿ. ಡಿಎಂಎಸ್‌ಒನಲ್ಲಿ 10 ಮಿಲಿಮೋಲಾರ್ ಸ್ಟಾಕ್ ಮಾಡಿದರೆ 25 ಮೈಕ್ರೋಮೋಲಾರ್‌ಗೆ ಡಿಎಂಎಸ್‌ಒ ಶೇ 0.25 ಆಗುತ್ತದೆ; ಪೆಪ್ಟೈಡ್ ಇಲ್ಲದ ವೆಲ್‌ಗೂ ಅಷ್ಟೇ ಹಾಕಿ. ಸ್ಟಾಕನ್ನು 10 ಮೈಕ್ರೋಲೀಟರ್‌ನಂತೆ ಚಿಕ್ಕ ಟ್ಯೂಬುಗಳಿಗೆ ಹಂಚಿ ಫ್ರೀಜ್ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಕಡೆ ಒಂದೇ ಟ್ಯೂಬಿನಲ್ಲಿಟ್ಟ ಸ್ಟಾಕ್ ಕರಗಿ ಮತ್ತೆ ಹೆಪ್ಪುಗಟ್ಟಿ ಹಾಳಾಗುತ್ತದೆ.

ಎಬ್ಬಿಸಲು ಐಸೊಪ್ರೊಟೆರಿನಾಲ್ ಬಳಸಿ. ಎಚ್‌ಇಕೆ293ರಲ್ಲಿ ಬೀಟಾ-2 ರಿಸೆಪ್ಟರ್ ಸಹಜವಾಗಿಯೇ ಸ್ವಲ್ಪ ಇದೆ. 1, 10, 100 ನ್ಯಾನೊಮೋಲಾರ್ ನೋಡಿ, ಅರ್ಧದಷ್ಟು ಸಿಗ್ನಲ್ ಕೊಡುವ ಡೋಸ್ ಆರಿಸಿಕೊಳ್ಳಿ. ಲಂಗರು ಬಿಚ್ಚಿದ ವ್ಯತ್ಯಾಸ ಕಾಣುವುದು ಅಲ್ಲೇ. ಸಮಯ 0, 1, 2, 5, 10, 20 ನಿಮಿಷ. ಲಂಗರಿನಿಂದ ಬರುವ ವ್ಯತ್ಯಾಸ ಬಹಳ ಸಲ ವೇಗದಲ್ಲಿರುತ್ತದೆ, 30ನೇ ನಿಮಿಷದ ಒಂದೇ ಬಿಂದುವಿನಲ್ಲಿ ಅದು ಮುಚ್ಚಿಹೋಗುತ್ತದೆ. ಐಸೊಪ್ರೊಟೆರಿನಾಲ್ ದ್ರಾವಣ ಗಾಳಿಗೆ ಕೆಡುತ್ತದೆ, ಗುಲಾಬಿ ಬಣ್ಣ ಕಂಡರೆ ಚೆಲ್ಲಿಬಿಡಿ. ಆಯಾ ದಿನ ಹೊಸದಾಗಿ, 100 ಮೈಕ್ರೋಮೋಲಾರ್ ಆಸ್ಕಾರ್ಬಿಕ್ ಆಮ್ಲದೊಂದಿಗೆ ಮಾಡಿ.

ಕೋಶ ಒಡೆಯಲು ಟ್ರೈಟಾನ್ ಬಫರ್ ಹಾಕಿ ಐಸ್ ಮೇಲೆ ಇಡುವ ಬದಲು, ಮೀಡಿಯಂ ಹೀರಿದ ಕೂಡಲೆ 95 ಡಿಗ್ರಿಯ ಶೇ 2 ಎಸ್‌ಡಿಎಸ್ ಸುರಿಯಿರಿ. ಫಾಸ್ಫಟೇಸ್‌ಗಳು ಆ ಕ್ಷಣದಲ್ಲೇ ಸಾಯುತ್ತವೆ. ಡಿಎನ್‌ಎ ಅಂಟುಅಂಟಾಗುತ್ತದೆ, ಸಣ್ಣ ಸೂಜಿಯಲ್ಲಿ ಎಳೆದು ಬಿಟ್ಟು ಮಾಡಿ.

ಫ್ರೆಟ್ ಇಲ್ಲದಿದ್ದರೂ ಜಾಗ ಬೇರೆಬೇರೆಯಾದ ಎರಡು ಸಬ್‌ಸ್ಟ್ರೇಟ್ ಹೋಲಿಸಬಹುದು. ಪೊರೆಯಂಚಿನ ಆಕ್ಟಿನ್ ಬಳಿ ಇರುವ ವಾಸ್ಪ್‌ನ 157ನೇ ಸೆರಿನ್, ಕೋಶಕೇಂದ್ರದ ಕ್ರೆಬ್‌ನ 133ನೇ ಸೆರಿನ್. ವಾಸ್ಪ್‌ನಲ್ಲಿ ಒಂದು ಅನುಕೂಲ: ಫಾಸ್ಫೇಟ್ ಬಿದ್ದರೆ ಬ್ಯಾಂಡ್ 46ರಿಂದ 50 ಕಿಲೋಡಾಲ್ಟನ್‌ಗೆ ಸರಿಯುತ್ತದೆ. ಸಾಮಾನ್ಯ ವಾಸ್ಪ್ ಆಂಟಿಬಾಡಿಯಲ್ಲೇ ಎರಡು ಬ್ಯಾಂಡ್ ಕಾಣುತ್ತವೆ, ಮೇಲಿನದು ಒಟ್ಟಿನಲ್ಲಿ ಎಷ್ಟು ಪಾಲು ಎಂದು ಒಂದೇ ಲೇನ್‌ನಲ್ಲಿ ಲೆಕ್ಕ ಸಿಗುತ್ತದೆ, ಲೋಡಿಂಗ್ ಹೆಚ್ಚುಕಡಿಮೆಯಾದರೂ ತೊಂದರೆಯಿಲ್ಲ. ಕ್ರೆಬ್‌ಗೆ ಫಾಸ್ಫೇಟ್ ಹಾಕುವ ಕೈನೇಸ್‌ಗಳು ಇನ್ನೂ ಹಲವಿವೆ, ಅದಕ್ಕೆ ಪಿಕೆಎ ತಡೆದ ಒಂದು ಲೇನ್ ಬೇಕೇ ಬೇಕು. ಆ ಲೇನ್‌ಗೆ ಪಿಕೆಎ ತಡೆಯುವ ಎಚ್89 ಎಂಬ ರಾಸಾಯನಿಕ ಒಂದನ್ನೇ ನಂಬಬೇಡಿ. 10 ಮೈಕ್ರೋಮೋಲಾರ್‌ನಲ್ಲಿ ಅದು ರಾಕ್, ಎಂಎಸ್‌ಕೆ1, ಎಸ್6 ಕೈನೇಸ್‌ಗಳನ್ನೂ ಹಿಡಿಯುತ್ತದೆ. ಬೀಟಾ ರಿಸೆಪ್ಟರನ್ನೂ ತಡೆಯುತ್ತದೆ, ಐಸೊಪ್ರೊಟೆರಿನಾಲ್ ಜೊತೆ ಬಳಸಿದರೆ ಇದೊಂದೇ ಸಾಕು ದಾರಿ ತಪ್ಪಲು. ಪಿಕೆಎಯನ್ನು ತಡೆಯುವ, ಮಿರಿಸ್ಟೇಟ್ (ಇದೂ ಕೊಬ್ಬಿನಾಮ್ಲ) ಜೋಡಿಸಿದ ಪಿಕೆಐ 14–22 ಪೆಪ್ಟೈಡ್ ಉತ್ತಮ. ಅದಕ್ಕೂ ಸೀರಂ ಆಗದು.

ಗಂಗೋತ್ರಿ_ಬಯೋಕೆಮ್:

ತುಂಬಾ ಉಪಕಾರವಾಯಿತು. ಇನ್ನೆರಡು ಪ್ರಶ್ನೆ. ಲ್ಯಾಬ್‌ನಲ್ಲಿ ಏಕ್ಯಾಪ್79-ಜಿಎಫ್‌ಪಿ ಪ್ಲಾಸ್ಮಿಡ್ ಇದೆ. 6 ವೆಲ್‌ನಲ್ಲಿ 2 ಮೈಕ್ರೋಗ್ರಾಂ ಹಾಕಿದಾಗ ಫಾಸ್ಫೊ ಸಿಗ್ನಲ್ ಏರುವ ಬದಲು ಇಳಿಯಿತು. ಲಂಗರು ಹೆಚ್ಚಾದರೆ ಕೆಲಸವೂ ಹೆಚ್ಚಬೇಕಲ್ಲವೇ? ಇನ್ನೊಂದು, ಸೈಕ್ಲಿಕ್ ಎಎಂಪಿ ಅಂಟಿದ ಮೇಲೆ ಸಿ ಉಪಘಟಕ ಬಿಟ್ಟುಹೋಗುತ್ತದೆ ಎಂದು ಪಠ್ಯಪುಸ್ತಕದಲ್ಲಿದೆ. ಬಿಟ್ಟುಹೋಗುವುದಾದರೆ ಆರ್ ಅನ್ನು ಕಟ್ಟಿಹಾಕಿ ಏನು ಲಾಭ?

ಸಕ್ಕರೆನಾಡು:

ಲಂಗರು ಹೆಚ್ಚಾದರೆ ಕೆಲಸ ಕೆಡುವುದು ಸಹಜ, ಅದರ ಹಿಂದೆ ಸರಳ ಲೆಕ್ಕವಿದೆ. ಒಂದು ಏಕ್ಯಾಪ್ ಮೇಲೆ ಕೈನೇಸ್ ಕೂರಬೇಕು, ಅದೇ ಅಣುವಿನ ಮೇಲೆ ಚಾನೆಲ್ಲೋ ಸಬ್‌ಸ್ಟ್ರೇಟೋ ಕೂರಬೇಕು. 100 ಕೈನೇಸ್, 100 ಸಬ್‌ಸ್ಟ್ರೇಟ್‌ಗೆ 100 ಏಕ್ಯಾಪ್ ಇದ್ದರೆ ಜೋಡಿಗಳು ಸಿಗುತ್ತವೆ. 10,000 ಏಕ್ಯಾಪ್ ತುಂಬಿದರೆ ಕೈನೇಸ್ ಒಂದರ ಮೇಲೆ, ಸಬ್‌ಸ್ಟ್ರೇಟ್ ಇನ್ನೊಂದರ ಮೇಲೆ, ಇಬ್ಬರೂ ಒಂದೇ ಅಣುವಿನಲ್ಲಿ ಸಿಗುವುದು ನೂರಕ್ಕೆ ಒಂದು ಜೋಡಿ. ಎಂಎಪಿ ಕೈನೇಸ್‌ಗಳನ್ನು ಹೊರುವ ಚೌಕಟ್ಟು ಪ್ರೋಟೀನ್‌ಗಳ ಮೇಲೆ 2000ದಲ್ಲಿ ಬಂದ ಗಣಿತ ಮಾದರಿ ಇದನ್ನೇ ಹೇಳಿತು: ಸಿಗ್ನಲ್ ಏರಿ, ಒಂದು ಗರಿಷ್ಠ ಮುಟ್ಟಿ, ಮತ್ತೆ ಬೀಳುತ್ತದೆ. ಏಕ್ಯಾಪ್79ರಲ್ಲಿ ಇನ್ನೂ ಎರಡು ತೊಡಕು. ಬೇರೆ ಏಕ್ಯಾಪ್‌ಗಳಿಂದ ಪಿಕೆಎಯನ್ನು ಕಿತ್ತು ಪೊರೆಗೆ ಎಳೆದುಕೊಳ್ಳುತ್ತದೆ, ಜೊತೆಗೆ ಕ್ಯಾಲ್ಸಿನ್ಯೂರಿನನ್ನೂ ಹೊತ್ತುತರುತ್ತದೆ.

50ರಿಂದ 100 ನ್ಯಾನೊಗ್ರಾಂಗೆ ಇಳಿಸಿ, ಉಳಿದದ್ದನ್ನು ಖಾಲಿ ವೆಕ್ಟರ್‌ನಿಂದ ತುಂಬಿ ಒಟ್ಟು ಡಿಎನ್‌ಎ ಸಮ ಮಾಡಿ. ಪಿಕೆಎ ಹೀಲಿಕ್ಸ್ ತೆಗೆದ ರೂಪ, ಕ್ಯಾಲ್ಸಿನ್ಯೂರಿನ್ ಅಂಟುವ ತುಣುಕು ತೆಗೆದ ರೂಪ, ಈ ಎರಡನ್ನೂ ಪಕ್ಕದಲ್ಲಿ ಇಟ್ಟರೆ ಯಾರಿಂದ ಇಳಿಯಿತು ಎಂದು ತಿಳಿಯುತ್ತದೆ. ಬ್ಲಾಟ್ ನೋಡುವಾಗ ಗಾಬರಿಯಾಗಬೇಡಿ: ಏಕ್ಯಾಪ್79 ಲೆಕ್ಕಕ್ಕೆ 47 ಕಿಲೋಡಾಲ್ಟನ್, ಜೆಲ್‌ನಲ್ಲಿ ಓಡುವುದು 79ರಲ್ಲಿ. ಜಿಎಫ್‌ಪಿ ಸೇರಿದರೆ 100 ದಾಟುತ್ತದೆ.

ಪೊರೆಯಂಚು:

ಸಿ ಬಿಟ್ಟುಹೋಗುತ್ತದೆಯೇ ಎಂಬುದರ ಮೇಲೆ ಗಟ್ಟಿ ಚರ್ಚೆಯಿದೆ, ಪಠ್ಯಪುಸ್ತಕದ ಚಿತ್ರ ಅಷ್ಟು ಸರಳ ಅಲ್ಲ. 2017ರಲ್ಲಿ ಬಂದ ಒಂದು ಕೆಲಸ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಯಿಂದ ಏಕ್ಯಾಪ್79 ಪಿಕೆಎಯನ್ನು ಗುರಿಯಿಂದ 150ರಿಂದ 250 ಆಂಗ್‌ಸ್ಟ್ರಾಂ ಒಳಗೆ ಹಿಡಿದಿಡುತ್ತದೆ ಎಂದು ತೋರಿಸಿ, ಸೈಕ್ಲಿಕ್ ಎಎಂಪಿ ಅಂಟಿದ ಮೇಲೂ ಹೋಲೊಎನ್‌ಜೈಮ್ ಒಡೆಯದೆ ಅಲ್ಲೇ ಕೆಲಸ ಮಾಡುತ್ತದೆ ಎಂದು ವಾದಿಸಿತು. ಆರ್2ರ ಬಾಗುವ ಮಧ್ಯಭಾಗ ಸಿ ಉಪಘಟಕಕ್ಕೆ ಆ ವ್ಯಾಪ್ತಿಯಲ್ಲಿ ಓಡಾಡಲು ಬಿಡುತ್ತದೆ. ಅದೇ ವರ್ಷದ ಇನ್ನೊಂದು ಕೆಲಸ ಉಪಘಟಕಗಳನ್ನು ಎಣಿಸಿ, ಆರ್ ಸಂಖ್ಯೆ ಸಿಗಿಂತ ಸುಮಾರು 17 ಪಟ್ಟು ಹೆಚ್ಚು ಎಂದಿತು. ಹಾಗಿದ್ದರೆ ಸಿ ಬಿಟ್ಟುಹೋದರೂ ಹತ್ತಿರದಲ್ಲೇ ಖಾಲಿ ಆರ್ ಹಿಡಿಯಲು ಕಾದಿರುತ್ತದೆ. ಸಿ ಉಪಘಟಕದ ಆರಂಭದ ತುದಿಯಲ್ಲಿರುವ ಮಿರಿಸ್ಟೇಟ್ ಪೊರೆಗೂ ತಗುಲಿಕೊಳ್ಳುತ್ತದೆ. ಎರಡರಲ್ಲಿ ಯಾವುದಾದರೂ ಸಿ ದೂರ ಹೋಗುವುದಿಲ್ಲ, ನಿಮ್ಮ ಪ್ರಶ್ನೆಗೆ ಬೇಕಾದದ್ದು ಅಷ್ಟು. ಕೋಶಕೇಂದ್ರದ ವಿಷಯ ಬೇರೆ: ಅಲ್ಲಿಗೆ ಮುಕ್ತ ಸಿ ನಿಧಾನವಾಗಿ ಸೇರುತ್ತದೆ, ಹತ್ತಾರು ನಿಮಿಷ ಹಿಡಿಯುತ್ತದೆ. ಅದಕ್ಕೇ ವಾಸ್ಪ್ ಮತ್ತು ಕ್ರೆಬ್ ಎರಡನ್ನೂ ಒಂದೇ ಸಮಯದ ಸಾಲಿನಲ್ಲಿ ನೋಡಿ ಎಂದದ್ದು ಒಳ್ಳೆಯ ಸಲಹೆ. 20ಕ್ಕೆ ನಿಲ್ಲಿಸದೆ ಕ್ರೆಬ್‌ಗೆ 40ನೇ ನಿಮಿಷದ ಬಿಂದು ಒಂದನ್ನು ಸೇರಿಸಿ.

ಬೆಂಚು_ಬಫರ್:

ಪೆಪ್ಟೈಡ್ ಇರುವುದರಿಂದ ಆರ್2 ಓವರ್‌ಲೇ ಕೂಡ ಮಾಡಿ, ಖರ್ಚು ಕಡಿಮೆ. ಎಸ್‌ಡಿಎಸ್ ಜೆಲ್‌ನಲ್ಲಿ ಓಡಿಸಿ ಮೆಂಬ್ರೇನಿಗೆ ವರ್ಗಾಯಿಸಿದ ಮೇಲೂ ಏಕ್ಯಾಪ್‌ನ ಪುಟ್ಟ ಹೀಲಿಕ್ಸ್ ಮತ್ತೆ ಮಡಚಿಕೊಳ್ಳುತ್ತದೆ, ಹಾಗಾಗಿ ಆಂಟಿಬಾಡಿ ಬದಲು ಆರ್2 ಪ್ರೋಟೀನನ್ನೇ ಸುರಿದು ಯಾವ ಬ್ಯಾಂಡ್‌ಗೆ ಅಂಟುತ್ತದೆ ಎಂದು ನೋಡಬಹುದು. ಆರ್1ಗೆ ಈ ವಿಧಾನ ಅಷ್ಟು ಒಗ್ಗುವುದಿಲ್ಲ.

ಅಂಗಾಂಶಕ್ಕೆ ಕುರಿಯ ಹೃದಯ ಒಳ್ಳೆಯದು, ಆರ್2-ಆಲ್ಫಾ ಮತ್ತು ಏಕ್ಯಾಪ್ ಎರಡೂ ಧಾರಾಳ. ಮಂಡ್ಯ ಕಡೆಯಿಂದ ಬಂಡೂರು ಕುರಿಯ ಹೃದಯ ತರಿಸುವುದಾದರೆ ಕೊಯ್ದ ಕೂಡಲೆ ರಕ್ತ ತೊಳೆದು, ಚೂರು ಮಾಡಿ, ಐಸ್‌ನಲ್ಲಿ ಹೂತು ತನ್ನಿ. ಇಡೀ ಹೃದಯ ಐಸ್ ಮೇಲಿಟ್ಟರೆ ಒಳಗಿನ ಮಾಂಸ ತಣ್ಣಗಾಗುವುದು ಬಹಳ ತಡ, ಅಷ್ಟರಲ್ಲಿ ಪ್ರೋಟಿಯೇಸ್‌ಗಳು ಉದ್ದನೆಯ ಏಕ್ಯಾಪ್‌ಗಳನ್ನು ತುಂಡರಿಸಿರುತ್ತವೆ. ಈ ಮಾದರಿಯಲ್ಲಿ ಫಾಸ್ಫೊರಿಲೇಷನ್ ಅಳೆಯಬೇಡಿ, ದಾರಿಯಲ್ಲೇ ಬದಲಾಗಿರುತ್ತದೆ. ಯಾವ ಏಕ್ಯಾಪ್ ಇವೆ ಎಂದು ನೋಡಲು ಮಾತ್ರ.

ಹೃದಯದ ಎಂ-ಏಕ್ಯಾಪ್ ಸುಮಾರು 250 ಕಿಲೋಡಾಲ್ಟನ್, ಶೇ 10ರ ಜೆಲ್‌ನಲ್ಲಿ ಮೇಲೆಯೇ ನಿಂತುಬಿಡುತ್ತದೆ. ಶೇ 4–12 ಅಥವಾ 3–8ರ ಗ್ರೇಡಿಯಂಟ್ ಜೆಲ್, ರಾತ್ರಿಯಿಡೀ ತಣ್ಣಗಿನ ವೆಟ್ ಟ್ರಾನ್ಸ್‌ಫರ್, ಮೆಥನಾಲ್ ಕಡಿಮೆ. ಆರ್2 ಪೂರ್ತಿ ಬೇಕಿಲ್ಲ, ಮೊದಲ 45 ಅಮೈನೋ ಆಮ್ಲಗಳ ಟ್ಯಾಗ್ ಇರುವ ತುಣುಕು ಸಾಕು. ಇದರಲ್ಲೊಂದು ಲಾಭವಿದೆ: ಇಡೀ ಆರ್2 ಹಾಕಿ ಆರ್2 ಆಂಟಿಬಾಡಿಯಿಂದ ಹುಡುಕಿದರೆ ಅಂಗಾಂಶದ್ದೇ ಆರ್2 ಕೂಡ 50ರ ಸ್ವಲ್ಪ ಮೇಲೆ ದಪ್ಪ ಬ್ಯಾಂಡ್ ಕೊಡುತ್ತದೆ, ಹಲವರು ಅದನ್ನು ಹೊಸ ಏಕ್ಯಾಪ್ ಎಂದುಕೊಳ್ಳುತ್ತಾರೆ. ಟ್ಯಾಗ್ ಹುಡುಕಿದರೆ ಆ ಗೊಂದಲವಿಲ್ಲ. ಸುರಿಯುವ ಪ್ರಮಾಣ ಮಿಲಿಲೀಟರ್‌ಗೆ 0.5 ಮೈಕ್ರೋಗ್ರಾಂ ಸುಮಾರಿನಿಂದ ಶುರು ಮಾಡಿ. ಹಿನ್ನೆಲೆ ಕಪ್ಪಾದರೆ ಪ್ರೋಟೀನ್ ಇಳಿಸಿ, ತೊಳೆಯುವುದನ್ನು ಹೆಚ್ಚಿಸಿ.

ಪ್ರೋಟೊಕಾಲ್‌ನಲ್ಲಿ ರೂಂ ಟೆಂಪರೇಚರ್ ಎಂದು ಬರೆದಿದ್ದರೆ ಅದು 22ರಿಂದ 25 ಡಿಗ್ರಿ. ಬೇಸಿಗೆಯಲ್ಲಿ ನಮ್ಮ ಕಡೆ ಬೆಂಚಿನ ಮೇಲೆ 33–34 ಇರುತ್ತದೆ, ಓವರ್‌ಲೇಯನ್ನು 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುವುದು ವಾಸಿ. ಕಂಟ್ರೋಲ್‌ಗೆ ಮೆಂಬ್ರೇನಿನ ಇನ್ನೊಂದು ಅರ್ಧಕ್ಕೆ ಆರ್2 ತುಣುಕನ್ನು 10 ಮೈಕ್ರೋಮೋಲಾರ್ ಎಚ್‌ಟಿ31 ಜೊತೆ 30 ನಿಮಿಷ ಬೆರೆಸಿಟ್ಟು ಹಾಕಿ. ಇಲ್ಲಿ ಸ್ಟಿಯರೇಟ್ ಇಲ್ಲದ ಸಾದಾ ಪೆಪ್ಟೈಡ್ ಸಾಕು, ಬೆಲೆಯೂ ಕಡಿಮೆ. ಎಚ್‌ಟಿ31 ಇದ್ದಾಗ ಮಾಯವಾಗುವ ಬ್ಯಾಂಡ್‌ಗಳನ್ನು ಮಾತ್ರ ಏಕ್ಯಾಪ್ ಎಂದು ಎಣಿಸಿ. ಉಳಿದವು ಎಷ್ಟೇ ಚೆನ್ನಾಗಿ ಕಂಡರೂ ಪಟ್ಟಿಗೆ ಸೇರಿಸಬೇಡಿ.